ಎರಡು ಕಂಪನಿಗೂ ಹೂಂ ಅಂದವನು

ಲೀಲಾಧರನ ಬಾಯಿಯಿಂದ ‘ಬೇಡ’ ಎಂಬ ಮಾತು ಹೊರಟಿದ್ದನ್ನು ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿ ಯಾರೂ ಕೇಳಿರಲಿಲ್ಲ. ಊಟಕ್ಕೆ ಕುಳಿತರೆ ಬಡಿಸುವವರಿಗೆ ಇವನೆಂದರೆ ಹಬ್ಬ. ಎಲೆಗೆ ಕೈ ಅಡ್ಡ ಹಿಡಿಯುವ ವಿದ್ಯೆಯೇ ಅವನಿಗೆ ಬಂದಿರಲಿಲ್ಲವಾದ್ದರಿಂದ ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಾತ್ರೆಯ ತಳದಲ್ಲಿ ಉಳಿದ ಚಿತ್ರಾನ್ನವೆಲ್ಲ ಅವನ ಮುಂದೆಯೇ ಬಂದು ಬೀಳುತ್ತಿತ್ತು. ಪಕ್ಕದ ಅಪಾರ್ಟ್‌ಮೆಂಟಿನವರು ಊರಿಗೆ ಹೊರಟಾಗ ತಮ್ಮ ಬೆಕ್ಕನ್ನು ಇವನಿಗೆ ಒಪ್ಪಿಸಿದರು. ಬೆಕ್ಕಿನ ಕೂದಲು ಹಾರಿದರೆ ಸೀನುವ ಮನುಷ್ಯ, “ಓ, ಅದಕ್ಕೇನಂತೆ” ಎಂದು ಬುಟ್ಟಿಸಮೇತ ಒಳಗೆ ತಂದುಕೊಂಡು, ಅವರು ಬರುವವರೆಗೂ ಮೂಗೊರೆಸಿಕೊಂಡು ಅದಕ್ಕೆ ಮೀನು ಹಾಕಿದ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಅಂತ ಹಿರಿಯರು ಹೇಳಿದ್ದು ಹೆಂಗಸರಿಗೆ ಅಂತ ಎಲ್ಲರೂ ತಿಳಿದಿದ್ದಾರೆ. ಲೀಲಾಧರನನ್ನು ನೋಡಿದ್ದರೆ ಗಾದೆಯನ್ನು ಸ್ವಲ್ಪ ತಿದ್ದುತ್ತಿದ್ದರು.

ಹಾಗೆಂದು ಅವನ ಸಂಸಾರವೇನೂ ಮುಳುಗಿರಲಿಲ್ಲ. ಬೇಡ ಎನ್ನುವ ಖಾತೆಯನ್ನು ಮದುವೆಯಾದಂದಿನಿಂದ ಹೆಂಡತಿ ಸೌದಾಮಿನಿ ನೋಡಿಕೊಳ್ಳುತ್ತಿದ್ದಳು. ಅವನು ಉಡುಪಿಯ ಕಡೆಯವನು, ಮನೆಮಾತು ತುಳು. ಅವಳು ಮಂಗಳೂರಿನವಳು, ಮನೆಮಾತು ಕೊಂಕಣಿ. ಜಗಳವಾಡಲು ಇಬ್ಬರಿಗೂ ಸಮನಾದ ನೆಲ ಬೇಕಲ್ಲ, ಅದಕ್ಕಾಗಿ ಮನೆಯಲ್ಲಿ ಕನ್ನಡ. ಒಮ್ಮೆ ಛಾವಣಿಗೆ ಸೋಲಾರ್ ಹಾಕಿಸಿ ಎಂದು ಬಾಗಿಲು ತಟ್ಟಿದವನನ್ನು ಲೀಲಾಧರ ಒಳಗೆ ಕರೆದು, ಕಾಫಿ ಕೊಟ್ಟು, ಅರ್ಧ ಗಂಟೆ ತಲೆಯಾಡಿಸಿದ. ಅವನು ಕಾಗದ ಪತ್ರ ಬಿಚ್ಚುವ ಹೊತ್ತಿಗೆ ಸೌದಾಮಿನಿ ಕೆಲಸದಿಂದ ಬಂದಳು. “ಇದು ಬಾಡಿಗೆ ಮನೆ. ಮೇಲೆ ಇನ್ನೂ ಎರಡು ಮಹಡಿ ಉಂಟು” ಎಂದಳು. ಅಲ್ಲಿಗೆ ಮುಗಿಯಿತು.

ಇಂಥ ಲೀಲಾಧರನಿಗೆ ಐವತ್ತು ದಾಟಿದ ಮೇಲೆ ಕೆಲಸ ಹೋಯಿತು. ಔಷಧಿ ಪರೀಕ್ಷೆಗಳ ಅಂಕಿಅಂಶಗಳನ್ನು ಕಂಪ್ಯೂಟರಿನಲ್ಲಿ ಒಪ್ಪ ಮಾಡುವುದು ಅವನ ಕಸುಬು, ಅದರಲ್ಲಿ ಗಟ್ಟಿಗ. ಆದರೂ ಒಂದು ಬೆಳಿಗ್ಗೆ ಇಮೇಲು ಬಂದು ಅರ್ಧ ವಿಭಾಗವೇ ಮನೆಗೆ ಹೋಯಿತು. ಚಳಿಗಾಲವೆಲ್ಲ ಖಾಲಿ ಕೂತ. ಸೌದಾಮಿನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಿದ್ದದ್ದರಿಂದ ಮನೆಯವರ ಆರೋಗ್ಯ ವಿಮೆಗೆ ಕೊರತೆ ಇರಲಿಲ್ಲ. ಆದರೆ ಸನ್ನಿವೇಲಿನ ಬಾಡಿಗೆ ಒಂದೇ ಸಂಬಳದ ಮಾತು ಕೇಳುವಂಥದ್ದಲ್ಲ. ಬೇಸಿಗೆಯೊಳಗೆ ಕೆಲಸ ಸಿಗದಿದ್ದರೆ ಗುಡ್ಡ ದಾಟಿ ಟ್ರೇಸಿ ಕಡೆ ಮನೆ ಹಿಡಿಯಬೇಕು ಎಂದು ಗಂಡ ಹೆಂಡತಿ ಆಗಲೇ ಮಾತಾಡಿಕೊಂಡಿದ್ದರು. ಟ್ರೇಸಿಯಿಂದ ಸೌದಾಮಿನಿಯ ಆಸ್ಪತ್ರೆಗೆ ಬರಬೇಕೆಂದರೆ ಕೋಳಿ ಕೂಗುವ ಮುಂಚೆ ಕಾರು ಹತ್ತಬೇಕು.

ಅಷ್ಟರಲ್ಲಿ ಫಾಸ್ಟರ್ ಸಿಟಿಯ ಒಂದು ಔಷಧಿ ಕಂಪನಿಯಲ್ಲಿ ಕಾಂಟ್ರಾಕ್ಟು ಕೆಲಸ ತೆರೆಯಿತು. ಕರೆದವಳು ನಿಹಾರಿಕಾ, ಹಿಂದೆ ಲೀಲಾಧರನ ಜೊತೆ ಕೆಲಸ ಮಾಡಿದ್ದ ಹುಡುಗಿ, ಈಗ ಅಲ್ಲಿ ಮ್ಯಾನೇಜರು. ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ; ಅವಳ ಮಾತನ್ನು ಇಲ್ಲಿ ಕನ್ನಡಕ್ಕೆ ಇಳಿಸಿದೆ. “ನಾವು ನೇರವಾಗಿ ತಗೊಳ್ಳೋ ಹಾಗಿಲ್ಲ. ಯಾವುದಾದರೂ ಏಜೆನ್ಸಿ ಮೂಲಕ ಬನ್ನಿ, ಇಲ್ಲವೇ ನಿಮ್ಮದೇ ಕಂಪನಿ ಮಾಡಿಕೊಂಡು ಬನ್ನಿ. ಯಾವ ದಾರಿಯಾದರೂ ಸರಿ, ನನಗೆ ನೀವು ಬೇಕು” ಎಂದಳು.

ಎರಡು ದಾರಿ. ಆರಿಸಿಕೊಳ್ಳಬೇಕಾದವನು ಲೀಲಾಧರ. ದೇವರು ತಮಾಷೆ ನೋಡುವುದು ಹೀಗೆ.

ಮೊದಲು ಸಿಕ್ಕಿದವಳು ಅಮಿತಾ. ಮಂಗಳೂರಿನವಳು, ಸೌದಾಮಿನಿಗಿಂತ ಚಿಕ್ಕವಳು, ಕಾಂಟ್ರಾಕ್ಟು ಕೆಲಸಗಾರರನ್ನು ಕಂಪನಿಗಳಿಗೆ ಒದಗಿಸುವ ಏಜೆನ್ಸಿ ಇಟ್ಟುಕೊಂಡಿದ್ದಳು. ಶನಿವಾರ ಅವಳ ಮನೆಯಲ್ಲಿ ಕಾಫಿಗೆ ಕೂತಾಗ ಮಾತು ಬಂತು.

“ಲೀಲಣ್ಣ, ನೀವು ನನ್ನ ಪೇರೋಲಿಗೆ ಬನ್ನಿ” ಅಂದಳು. “ಕೆಲಸ ಅಲ್ಲಿ, ಸಂಬಳ ನಮ್ಮಲ್ಲಿ. ಟ್ಯಾಕ್ಸು ಹಿಡಿಯೋದು, ಬಿಲ್ಲು ಕಳಿಸೋದು, ಅವರು ಕೊಡದಿದ್ರೆ ಬೆನ್ನು ಹತ್ತೋದು, ಎಲ್ಲ ನನ್ನ ತಲೆನೋವು. ಲಂಡನ್ನಿನಲ್ಲಿರುವ ನನ್ನ ತಮ್ಮ ಇಂಥದ್ದಕ್ಕೆ ಅಂಬ್ರೆಲಾ ಕಂಪನಿ ಅಂತಾನೆ. ಮಳೆ ಬಂದ್ರೆ ನಾನು ಕೊಡೆ ಹಿಡೀತೇನೆ, ನೀವು ಸುಮ್ಮನೆ ನಡೀತಾ ಇರಿ.”

“ಕೊಡೆಗೆ ಬಾಡಿಗೆ ಉಂಟಲ್ಲ?” ಎಂದಳು ಸೌದಾಮಿನಿ.

“ಉಂಟು ಅಕ್ಕ. ಪುಕ್ಕಟೆ ಕೊಡೆ ಹಿಡೀಲಿಕ್ಕೆ ನಾನೇನು ದೇವಸ್ಥಾನದ ಉತ್ಸವಕ್ಕೆ ಬಂದಿದ್ದೇನಾ?”

ಎಲ್ಲರೂ ನಕ್ಕರು. ನಗುನಗುತ್ತಲೇ ಅಮಿತಾ, “ಹಾಗಾದ್ರೆ ನಿಮ್ಮ ಹೆಸರು ಕಳಿಸ್ಲಾ?” ಅಂದಳು. ಅವಳು ಕೊಟ್ಟ ಕಾಫಿ ಇನ್ನೂ ಲೀಲಾಧರನ ಕೈಯಲ್ಲಿತ್ತು. ಕಾಫಿ ಕುಡಿಯುತ್ತಾ ಬೇಡ ಎನ್ನಲಾದೀತೆ? “ಆಯ್ತಮ್ಮ” ಅಂದ. ರಾತ್ರಿ ಅವಳಿಂದ ಒಪ್ಪಿಗೆ ಕೇಳಿ ಇಮೇಲು ಬಂತು. ‘ಒಪ್ಪಿದೆ’ ಎಂದು ಬರೆದ.

ಭಾನುವಾರ ಶೇಷಾದ್ರಿ ಸಿಕ್ಕ. ಮೈಸೂರಿನವನು, ಹಳೆಯ ಗೆಳೆಯ, ಫಾಸ್ಟರ್ ಸಿಟಿಯಲ್ಲಿ ನೀರಿನ ಅಂಚಿಗೆ ಮನೆ. ಹತ್ತು ವರ್ಷದಿಂದ ಸ್ವಂತ ಕಂಪನಿ ಮಾಡಿಕೊಂಡು ಕಾಂಟ್ರಾಕ್ಟು ಹಿಡಿಯುತ್ತಿದ್ದ. ಆ ಕಂಪನಿಯಲ್ಲಿ ಅಧ್ಯಕ್ಷನೂ ಅವನೇ, ಅಟೆಂಡರೂ ಅವನೇ. ಹೊಸದಾಗಿ ಮದುವೆಯಾದವರು ಬ್ರಹ್ಮಚಾರಿಗಳನ್ನು ಹೇಗೆ ನೋಡುತ್ತಾರೋ ಹಾಗೆ ಅವನು ಸಂಬಳದವರನ್ನು ನೋಡುತ್ತಿದ್ದ. ಇಬ್ಬರೂ ನೀರಿನ ದಂಡೆಯ ಮೇಲೆ, ಬಾತುಗಳ ಹಿಕ್ಕೆ ತಪ್ಪಿಸಿಕೊಂಡು ನಡೆದರು.

“ನಿಂದೇ ಒಂದು ಎಲ್‌ಎಲ್‌ಸಿ, ಸ್ವಂತ ಕಂಪನಿ ಮಾಡಯ್ಯ” ಎಂದ ಶೇಷಾದ್ರಿ. “ಇನ್ನೂ ಎಷ್ಟು ದಿನ ಕಂಡವರ ಕೈಕೆಳಗೆ ಇರ್ತೀಯ? ಏಜೆನ್ಸಿಯವರಿಗೆ ಯಾಕಯ್ಯ ಪಾಲು? ಕಾರು, ಫೋನು, ಕಂಪ್ಯೂಟರು, ಎಲ್ಲಾ ಕಂಪನಿ ಖರ್ಚು. ನಿಂದೇ ರಾಜ್ಯ.”

“ಕಷ್ಟ ಎಂತದೂ ಇಲ್ವಾ?”

“ಏನಿಲ್ಲ ಕಣೋ. ಲಾಭ ಬರಲಿ ಬಿಡಲಿ, ವರ್ಷಕ್ಕೊಂದ್ಸಲ ಕ್ಯಾಲಿಫೋರ್ನಿಯಾ ಸರ್ಕಾರಕ್ಕೆ ಕಪ್ಪ ಒಪ್ಪಿಸ್ಬೇಕು. ಮೂರು ತಿಂಗಳಿಗೊಂದ್ಸಲ ಟ್ಯಾಕ್ಸು ನೀನೇ ಕಟ್ಬೇಕು. ಬಿಲ್ಲು ಕಳಿಸ್ಬೇಕು. ದುಡ್ಡು ತಕ್ಷಣ ಬರಲ್ಲ, ಫೋನ್ ಮಾಡಿ ಗದರಿಸ್ಬೇಕು. ಅಷ್ಟೇ!”

“ಗದರಿಸ್ಬೇಕಾ?”

“ಮೆತ್ತಗೆ ಗದರಿಸ್ಬೇಕು.”

ಅಮಿತಾಳಿಗೆ ಆಗಲೇ ಮಾತು ಕೊಟ್ಟಾಗಿದೆ ಎಂದು ಹೇಳಲು ಲೀಲಾಧರ ಎರಡು ಸಲ ಬಾಯಿ ತೆರೆದ. ಎರಡು ಸಲವೂ ಶೇಷಾದ್ರಿಯ ಮುಖದಲ್ಲಿ ಗೆಳೆಯನಿಗೆ ಮಗು ಹುಟ್ಟಿದಷ್ಟು ಸಂತೋಷ. “ನನಗೂ ಅಲ್ಲಿ ಗೊತ್ತಿದೆ ಕಣೋ, ಕಂಪನಿ ಕಾಗದ ಹಾಕಿ ನಿನ್ನ ಹೆಸರು ನಾನೇ ಕಳಿಸ್ತೀನಿ. ನನಗೇನೂ ಕೊಡಬೇಡ. ಗೆಳೆಯನಿಗೆ ಇಷ್ಟೂ ಮಾಡದಿದ್ರೆ ಹೇಗೆ?” ಎಂದ. ದುಡ್ಡು ಕೇಳುವವರಿಗೇ ಬೇಡ ಎನ್ನಲಾರದವನು, ಪುಕ್ಕಟೆ ಮಾಡುತ್ತೇನೆ ಎಂದವನಿಗೆ ಅಂದಾನೆಯೇ? ಅಲ್ಲಿಯೂ ‘ಒಪ್ಪಿದೆ’ ಎಂದು ಬರೆದುಕೊಟ್ಟ.

ಬುಧವಾರ ನಿಹಾರಿಕಾ ಫೋನ್ ಮಾಡಿದಳು. ದನಿ ಬಿಗಿಯಾಗಿತ್ತು.

“ನಿಮ್ಮ ಹೆಸರು ಎರಡು ಕಡೆಯಿಂದ ಬಂದಿದೆಯಲ್ಲ? ನೀವು ಯಾರ ಕಡೆಯವರು?”

“ಇಬ್ಬರೂ ಒಳ್ಳೆಯವರೇ” ಅಂದ ಲೀಲಾಧರ.

“ಅದಲ್ಲ ನಾನು ಕೇಳಿದ್ದು” ಎಂದು ನಿಹಾರಿಕಾ ನಿಯಮ ಬಿಡಿಸಿ ಹೇಳಿದಳು. ಒಬ್ಬನೇ ಮನುಷ್ಯ ಎರಡು ಬಾಗಿಲಿನಿಂದ ಒಳಗೆ ಬಂದರೆ ನಾಳೆ ಇಬ್ಬರೂ ಅವನು ನಮ್ಮವನು, ದುಡ್ಡು ನಮಗೆ ಬರಬೇಕು ಎಂದು ಬಡಿದಾಡುತ್ತಾರೆ. ಆ ರಗಳೆಯೇ ಬೇಡ ಎಂದು ದೊಡ್ಡ ಕಂಪನಿಗಳು ಎರಡೂ ಕಾಗದವನ್ನು ಹೊಡೆದುಹಾಕುತ್ತವೆ. ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಒಬ್ಬರು ಹಿಂದೆ ಸರಿದರೆ ಸರಿ. ಇಲ್ಲದಿದ್ದರೆ ಕೆಲಸ ಇನ್ನೊಬ್ಬರಿಗೆ. “ಆಮೇಲೆ ನನ್ನ ಕೈಯಲ್ಲೂ ಏನಿಲ್ಲ” ಎಂದಳು.

ಸಂಜೆ ಸೌದಾಮಿನಿ ಬಂದು ಚಪ್ಪಲಿ ಬಿಡುವ ಮುಂಚೆಯೇ ಲೀಲಾಧರ ಎಲ್ಲ ಹೇಳಿಕೊಂಡ. ಅವಳು ಕುರ್ಚಿಯ ಮೇಲೆ ಕೂತಳು.

“ನಿಮಗೆ ಮಂಡೆ ಸಮ ಉಂಟಾ? ಒಂದು ಹೆಣ್ಣಿಗೆ ಎರಡು ಕಡೆ ತಾಂಬೂಲ ತಗೊಂಡ ಹಾಗೆ ಆಯ್ತಲ್ಲ!”

“ಹೌದು ಮಾರಾಯ್ತಿ. ಈಗ ನೀನು ಯಾರಿಗಾದ್ರೂ ಒಬ್ಬರಿಗೆ...”

“ನಾನು ಹೇಳುದಿಲ್ಲ.”

ಲೀಲಾಧರನಿಗೆ ಸರಿಯಾಗಿ ಕೇಳಿಸಲಿಲ್ಲ ಎನಿಸಿತು. ಸೋಫಾದ ಮೇಲೆ ಓದುತ್ತಿದ್ದ ಮಗಳು ತನ್ವಿ ಕೂಡ ತಲೆಯೆತ್ತಿದಳು. ಅವಳಿಗೆ ಹದಿನೇಳು.

“ಸೋಲಾರಿನವನಿಗೆ ನಾನು ಹೇಳಿದ್ದೇನೆ, ಬೆಕ್ಕಿನವರಿಗೂ ಮುಂದಿನ ಸಲ ನಾನೇ ಹೇಳ್ತೇನೆ” ಎಂದಳು ಸೌದಾಮಿನಿ. “ಇದು ಹಾಗಲ್ಲ ಮಾರಾಯ್ರೇ. ನಿಮಗೆ ಕಂಪನಿ ಬೇಕಾ, ಕೊಡೆ ಬೇಕಾ ಅಂತ ನನಗೆ ಹೇಗೆ ಗೊತ್ತು? ನಿಮಗೇ ಗೊತ್ತಿಲ್ಲ. ನಾನು ಆರಿಸಿ ಕೊಟ್ರೆ ನಾಳೆ ಎಂತ ತೊಂದರೆ ಬಂದ್ರೂ ‘ಹೆಂಡತಿ ಹೇಳಿದ್ದು’ ಅಂತೀರಿ. ನೀವೇ ಯೋಚನೆ ಮಾಡಿ, ನೀವೇ ಹೇಳಿ.”

“ಅಪ್ಪ, ಜಸ್ಟ್ ಸೇ ನೋ ಟು ಒನ್ ಆಫ್ ದೆಮ್” ಎಂದಳು ತನ್ವಿ. “ಇಟ್ಸ್ ಲಿಟರಲಿ ಒನ್ ವರ್ಡ್.”

ಆ ಒಂದು ಪದವನ್ನು ಹೊತ್ತುಕೊಂಡು ಲೀಲಾಧರ ಆಗಲೇ ಶೇಷಾದ್ರಿಯ ಮನೆಗೆ ಕಾರು ಬಿಟ್ಟ. ಫ್ರೀವೇ ಉದ್ದಕ್ಕೂ ‘ಬೇಡಪ್ಪ ಶೇಷಾದ್ರಿ, ಬೇಡಪ್ಪ ಶೇಷಾದ್ರಿ’ ಎಂದು ಜಪ ಮಾಡಿದ. ಅಲ್ಲಿ ಹೋದರೆ ಶೇಷಾದ್ರಿಯ ಹೆಂಡತಿ ಸಂಯುಕ್ತಾ ಬಿಸಿಬಿಸಿ ಆಂಬೊಡೆ ತಂದಿಟ್ಟಳು. ಶೇಷಾದ್ರಿ ಕಂಪ್ಯೂಟರ್ ತಿರುಗಿಸಿ ತೋರಿಸಿದ: ‘ಲೀಲಾ ಡೇಟಾ ವರ್ಕ್ಸ್’ ಎಂಬ ಹೆಸರು, ಪಕ್ಕದಲ್ಲಿ ಒಂದು ಕಮಲ.

“ಸಂಯುಕ್ತಾ ಕೂತು ಬರೆದಿದ್ದು. ನೀಲಿ ಕಮಲ ಇಡೋಣ್ವಾ, ಹಸಿರು ಇಡೋಣ್ವಾ?”

“ಎರಡೂ ಚೆನ್ನಾಗಿದೆ” ಅಂದ ಲೀಲಾಧರ.

ಬರುವಾಗ ಶೇಷಾದ್ರಿ ತಾನೇ, “ನಾಳೆ ಸಂಜೆ ನಿಮ್ಮನೆಗೆ ಬರ್ತೀನಿ, ಉಳಿದ ಕಾಗದಕ್ಕೆ ಸಹಿ ಹಾಕುವೆಯಂತೆ” ಎಂದ. ಲೀಲಾಧರ ಊಟಕ್ಕೇ ಬಾ ಅಂದ. ದಾರಿಯಲ್ಲಿ ಅಮಿತಾಳ ಫೋನು. ಇವಳಿಗಾದರೂ ಬೇಡ ಅಂದುಬಿಡೋಣ ಎಂದು ಉಸಿರು ಎಳೆದುಕೊಂಡ. “ಲೀಲಣ್ಣ, ನಾಳೆ ನಿಮ್ಮ ಕಡೆಯೇ ಬರ್ತಾ ಇದ್ದೇನೆ, ಅಕ್ಕನನ್ನು ನೋಡಿ ಹೋಗ್ಲಾ?” ಅಂದಳು. ಎಳೆದುಕೊಂಡ ಉಸಿರು ‘ಊಟಕ್ಕೇ ಬನ್ನಿ’ ಎಂದು ಹೊರಬಂತು.

“ಇಬ್ಬರನ್ನೂ ಕರೆದ್ರಾ? ಒಂದೇ ದಿನ?” ಸೌದಾಮಿನಿ ಸೊಂಟಕ್ಕೆ ಕೈಯಿಟ್ಟಳು.

“ಬರ್ತೇನೆ ಅಂದವರಿಗೆ ಬರಬೇಡಿ ಅಂತ ಹೇಗೆ ಹೇಳ್ಲಿಕ್ಕಾಗ್ತದೆ?”

“ಒಳ್ಳೆದಾಯ್ತು. ಅಡುಗೆ ನಾನು ಮಾಡ್ತೇನೆ. ಮಾತು ನಿಮ್ಮದು.”

ಗುರುವಾರ ಸಂಜೆ ನೀರುದೋಸೆ, ಚಟ್ನಿ, ಬಟಾಟೆ ಸಾಂಗು ಎಂಬ ಕೆಂಪು ಖಾರದ ಪಲ್ಯ. ಶೇಷಾದ್ರಿ ಒಬ್ಬನೇ ಬಂದಿದ್ದ. ಅಮಿತಾಳೂ ಅವನೂ ಕನ್ನಡ ಕೂಟದಲ್ಲಿ ಪರಿಚಿತರು, ನಗುತ್ತಾ ಎದುರುಬದುರು ಕೂತರು. ಮೊದಲ ದೋಸೆ ಮಳೆಯಿಲ್ಲದ ಮಾರ್ಚ್ ತಿಂಗಳ ಮಾತಿನಲ್ಲಿ ಹೋಯಿತು. ಎರಡನೆಯದಕ್ಕೆ ಶೇಷಾದ್ರಿ ಚಟ್ನಿ ಹಚ್ಚಿಕೊಳ್ಳುತ್ತಾ, “ಗೊತ್ತಾ ಅಮಿತಾ ಅವ್ರೇ, ನಮ್ಮ ಲೀಲಾ ಇನ್ನು ಕಂಪನಿ ಮಾಲೀಕ. ಫಾಸ್ಟರ್ ಸಿಟಿಯಲ್ಲಿ ಅವನ ಕಂಪನಿಗೆ ಮೊದಲನೇ ಕೆಲಸ” ಎಂದ.

ಅಮಿತಾಳ ಕೈ ತಟ್ಟೆಯ ಮೇಲೇ ನಿಂತಿತು. “ಯಾವ ಕಂಪನಿ? ಲೀಲಣ್ಣ ಅಲ್ಲಿಗೆ ನಮ್ಮ ಏಜೆನ್ಸಿಯಿಂದಲ್ವಾ ಹೋಗೋದು?”

“ಓ ಬಾಯ್” ಎಂದು ತನ್ವಿ ದೋಸೆ ತಟ್ಟೆಯ ಜೊತೆ ಕೋಣೆ ಸೇರಿದಳು.

ಇಬ್ಬರೂ ಲೀಲಾಧರನನ್ನು ನೋಡಿದರು. ಲೀಲಾಧರ ಸೌದಾಮಿನಿಯನ್ನು ನೋಡಿದ. ಸೌದಾಮಿನಿ ಒಲೆಯ ಮೇಲಿನ ಕಾವಲಿಯನ್ನು ನೋಡಿದಳು.

“ಎರಡೂ ಹೌದು” ಅಂದ ಲೀಲಾಧರ. ಆಮೇಲೆ ನಿಹಾರಿಕಾ ಹೇಳಿದ್ದು, ಶುಕ್ರವಾರದ ಗಡುವು, ಸಂಯುಕ್ತಾ ಬರೆದ ಕಮಲ, ಎಲ್ಲ ಹೊರಬಂತು. ಹೇಳುತ್ತಾ ಹೇಳುತ್ತಾ ಅವನ ಕಿವಿ ಸಾಂಗಿನ ಬಣ್ಣಕ್ಕೆ ತಿರುಗಿತು.

ಒಂದು ಕ್ಷಣ ಇಬ್ಬರಿಗೂ ಕೋಪ ಬಂದದ್ದು ನಿಜ. ಆದರೆ ಅವರೂ ನಮ್ಮವರೇ ತಾನೇ. ಇನ್ನೊಬ್ಬರ ಮನೆಯ ದೋಸೆ ಬಾಯಲ್ಲಿಟ್ಟುಕೊಂಡು ಜಗಳವಾಡುವ ಜಾತಿಯಲ್ಲ.

“ಸರಿ, ನೀನೇ ಹೇಳಪ್ಪ. ನಿನಗೆ ಯಾವುದು ಬೇಕು?” ಎಂದ ಶೇಷಾದ್ರಿ.

“ನೀವಿಬ್ಬರೂ ಹೇಗೆ ಹೇಳ್ತೀರೋ ಹಾಗೆ.”

ಕಾವಲಿಯ ಮೇಲೆ ಸಟ್ಟುಗ ಜೋರಾಗಿ ಬಡಿದ ಸದ್ದಾಯಿತು.

“ಹಾಗಾದ್ರೆ ನೀವೇ ಕರ್ಕೊಳ್ಳಿ ಅಮಿತಾ ಅವ್ರೇ” ಎಂದ ಶೇಷಾದ್ರಿ. “ನಿಮಗೆ ಇದು ವ್ಯಾಪಾರ. ನನ್ನದೇನು, ಗೆಳೆತನದ ಮಾತು.”

“ಛೆ ಛೆ, ಅದು ಹೇಗಾಗ್ತದೆ ಸರ್? ನೀವು ಕಂಪನಿ ಹೆಸರೆಲ್ಲ ಇಟ್ಟಾಗಿದೆ. ಸಂಯುಕ್ತಾ ಅಷ್ಟು ಚಂದದ ಕಮಲ ಬರೆದಿದ್ದಾರೆ. ನೀವೇ ಇಟ್ಕೊಳ್ಳಿ.”

“ಅಯ್ಯೋ ಕಮಲ ಬಿಡಿ. ಮೊದಲು ಮಾತು ಕೊಟ್ಟಿದ್ದು ನಿಮಗೆ.”

“ಮೊದಲು ಕೊಟ್ರೆ ಏನಾಯ್ತು? ನೀವು ಹಳೆಯ ಸ್ನೇಹಿತರು.”

ಹೀಗೆ ಇಬ್ಬರೂ ಲೀಲಾಧರನನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಸರಿಸಿದರು. ನಾಲ್ಕು ಜನ ಕೂತ ಪಂಕ್ತಿಯಲ್ಲಿ ಉಳಿದ ಕಡೆಯ ಹೋಳಿಗೆ ಇದ್ದಂತೆ ಅವನು ನಡುವೆ ಕೂತಿದ್ದ. ಎಲ್ಲರಿಗೂ ಬೇಕು, ಯಾರೂ ಕೈ ಹಾಕುವುದಿಲ್ಲ. ಮಾತು ಮುಗಿಯದೆ ಊಟ ಮುಗಿಯಿತು. ಇಬ್ಬರೂ ಕೈ ಮುಗಿದು, ಪಲ್ಯ ಹೊಗಳಿ ಹೊರಟರು.

“ಸದ್ಯ, ಯಾರಿಗೂ ಬೇಜಾರಾಗಲಿಲ್ಲ” ಎಂದ ಲೀಲಾಧರ ಬಾಗಿಲು ಹಾಕುತ್ತಾ.

“ನನಗೆ ಆಗಿದೆ” ಎಂದು ಸೌದಾಮಿನಿ ದೀಪ ಆರಿಸಿದಳು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ನಿಹಾರಿಕಾಳ ಫೋನು. ಈ ಸಲ ಬಿಗಿಯೂ ಇರಲಿಲ್ಲ, ಬರೀ ಬೇಸರ.

“ನಿಮಗೆ ಈ ಕೆಲಸ ಇಷ್ಟವಿಲ್ಲದಿದ್ದರೆ ನನಗೆ ನೇರವಾಗಿ ಹೇಳಬಹುದಿತ್ತು. ಇಬ್ಬರೂ ನಿಮ್ಮ ಹೆಸರು ವಾಪಸು ತಗೊಂಡಿದ್ದಾರೆ.”

“ಇಬ್ಬರೂ?”

“ಇಬ್ಬರೂ. ಅಮಿತಾ ಎಂಟು ಗಂಟೆಗೆ, ಆ ಇನ್ನೊಬ್ಬರು ಎಂಟೂ ಐದಕ್ಕೆ.”

ಲೀಲಾಧರ ಅಡುಗೆಮನೆಯಲ್ಲಿ ನಿಂತಿದ್ದ. ಅಮಿತಾ ಶೇಷಾದ್ರಿಗಾಗಿ ಬಿಟ್ಟುಕೊಟ್ಟಿದ್ದಳು. ಶೇಷಾದ್ರಿ ಅಮಿತಾಳಿಗಾಗಿ ಬಿಟ್ಟುಕೊಟ್ಟಿದ್ದ. ಮರ್ಯಾದೆ ಎಲ್ಲರದೂ ಉಳಿಯಿತು, ಕೆಲಸ ಹೋಯಿತು. ಟ್ರೇಸಿಯ ದಾರಿ ಅವನ ಕಣ್ಣ ಮುಂದೆ ಬಂತು, ಬೆಳಗಿನ ಜಾವ ಕತ್ತಲಲ್ಲಿ ಕಾರು ಹತ್ತುವ ಸೌದಾಮಿನಿಯೂ ಬಂದಳು.

“ಬೇಕು” ಎಂದುಬಿಟ್ಟ. ದನಿ ಎಷ್ಟು ಜೋರಾಗಿ ಬಂತೆಂದರೆ ಅವನೇ ಬೆಚ್ಚಿದ. “ನನಗೆ ಈ ಕೆಲಸ ಬೇಕು ನಿಹಾರಿಕಾ.”

“ಹನ್ನೆರಡರವರೆಗೆ ಬಾಗಿಲು ತೆರೆದಿರತ್ತೆ. ಒಂದೇ ಬಾಗಿಲಿನಿಂದ ಬನ್ನಿ” ಎಂದು ಅವಳು ಫೋನು ಇಟ್ಟಳು.

ಹಳೆಯ ಅಭ್ಯಾಸ, ಮೊದಲು ಸೌದಾಮಿನಿಗೇ ಫೋನು ಮಾಡಿದ. “ಕೈಯಲ್ಲಿ ಯಾರದೋ ರಕ್ತ ಉಂಟು ಮಾರಾಯ್ರೇ, ಆಮೇಲೆ ಮಾತಾಡುವ” ಎಂದು ಅವಳು ಫೋನು ಕಡಿದಳು.

ಮನೆಯಲ್ಲಿ ಅವನು ಮತ್ತು ಫ್ರಿಜ್ಜು. ಸರಿ, ಕಂಪನಿಯ ಮಾಲೀಕನಾಗಿಯೇ ನೋಡೋಣ ಎಂದು ಫ್ರಿಜ್ಜಿನ ಎದುರು ನಿಂತ. ಅದು ದುಡ್ಡು ಕೊಡದೆ ಸತಾಯಿಸುವ ಗಿರಾಕಿ, ತಾನು ಬಿಲ್ಲು ಕಳಿಸಿ ಎರಡು ತಿಂಗಳು ಕಾದ ಮಾಲೀಕ. ಶೇಷಾದ್ರಿ ಹೇಳಿದಂತೆ ಮೆತ್ತಗೆ ಗದರಿಸಬೇಕು. ಎದೆ ಉಬ್ಬಿಸಿದ. ಗಂಟಲು ಸರಿಮಾಡಿಕೊಂಡ.

“ನಮಸ್ಕಾರ. ನಮ್ಮ ಬಿಲ್ಲು... ಒಂದು ಸಣ್ಣ ಬಿಲ್ಲು... ನಿಮಗೆ ತುಂಬ ಕೆಲಸ ಇರಬಹುದು. ಪುರುಸೊತ್ತಾದಾಗ ನೋಡಿ. ಅವಸರ ಎಂತ ಇಲ್ಲ.”

ಫ್ರಿಜ್ಜು ಗುರ್ ಎಂದಿತು. ಅವನು, “ಸಾರಿ” ಎಂದ.

ಎಂದವನು ತಾನೇ ನಗತೊಡಗಿದ. ಕುರ್ಚಿ ಎಳೆದು ಕೂತು ನಕ್ಕ. ಐವತ್ತು ವರ್ಷದಲ್ಲಿ ತನ್ನನ್ನು ತಾನು ಕೇಳದೆ ಇದ್ದ ಪ್ರಶ್ನೆಗೆ ಫ್ರಿಜ್ಜಿನಿಂದ ಉತ್ತರ ಸಿಕ್ಕಿತ್ತು. ಶೇಷಾದ್ರಿ ಹೇಳಿದ್ದೆಲ್ಲ ನಿಜ. ಸ್ವಂತ ಕಂಪನಿಯಲ್ಲಿ ಲಾಭವಿದೆ, ಹೆಸರಿದೆ, ಕಮಲವಿದೆ. ಕೇಳಿ ತೆಗೆದುಕೊಳ್ಳುವ ಬಾಯಿದ್ದವರಿಗೆ ಅದೆಲ್ಲ. ಈಜು ಬಾರದವನು ದೋಣಿ ಕೊಳ್ಳುವ ಬದಲು ಅಂಬಿಗನಿಗೆ ಕಾಸು ಕೊಡುವುದೇ ಅಗ್ಗ.

ಮೊದಲು ಕಷ್ಟದ್ದನ್ನು ಮುಗಿಸೋಣ ಎಂದು ಶೇಷಾದ್ರಿಗೆ ಫೋನು ಮಾಡಿದ.

“ಏನಯ್ಯ, ಅಮಿತಾ ಜೊತೆ ಎಲ್ಲಾ ಆಯ್ತಾ?”

“ಇಲ್ಲ. ಅವಳೂ ಬಿಟ್ಟಳು, ನೀನೂ ಬಿಟ್ಟೆ.”

“ಅಯ್ಯಯ್ಯೋ! ತಡಿ, ಈಗಲೇ ನಮ್ಮ ಕಾಗದ ಮತ್ತೆ ಹಾಕ್ತೀನಿ...”

“ಬೇಡ.”

ಶೇಷಾದ್ರಿಯ ಕಡೆ ಕೀಬೋರ್ಡಿನ ಸದ್ದು ನಿಂತಿತು. “ಏನಂದೆ?”

“ಬೇಡ ಮಾರಾಯ. ನನಗೆ ಕಂಪನಿ ಬೇಡ.” ಇಂಥ ಹೊತ್ತಿಗೆ ಅವನ ಬಾಯಿಗೆ ನೆಪ ತಾನಾಗಿ ಬರುತ್ತಿತ್ತು: ಹೆಂಡತಿಗೆ ಇಷ್ಟವಿಲ್ಲ, ಗ್ರಹಗತಿ ಸರಿಯಿಲ್ಲ. ಈ ಸಲ ನಾಲಗೆ ಕಚ್ಚಿ ನಿಜವನ್ನೇ ಹೇಳಿದ. “ನೀನು ಮಾಡಿದ ಕಂಪನಿ ಚೆನ್ನಾಗಿದೆ. ಅದರ ಮಾಲೀಕ ಸರಿಯಿಲ್ಲ. ದುಡ್ಡು ಕೇಳ್ಲಿಕ್ಕೆ ನನಗೆ ನಾಚಿಕೆ. ನಾನು ಬಿಲ್ಲು ಕಳಿಸಿದ್ರೆ ಅದರ ಜೊತೆಗೆ ಕ್ಷಮಾಪಣೆ ಪತ್ರವೂ ಹೋಗ್ತದೆ.”

“ನನಗೆ ಸ್ವಲ್ಪ ಬೇಜಾರಾಯ್ತು ಕಣಯ್ಯ, ಸುಳ್ಳು ಹೇಳಲ್ಲ” ಎಂದ ಶೇಷಾದ್ರಿ.

“ಗೊತ್ತು. ನನಗೂ ಆಯ್ತು.”

ಲೀಲಾಧರ ಅಷ್ಟಕ್ಕೇ ನಿಲ್ಲಿಸಿದ, ಸಮಾಧಾನದ ಮಾತು ಸೇರಿಸಲು ಹೋಗಲಿಲ್ಲ. ಅದು ಅವನಿಗೆ ‘ಬೇಡ’ ಎನ್ನುವುದಕ್ಕಿಂತ ಕಷ್ಟವಾಯಿತು. ಕೊನೆಗೆ ಶೇಷಾದ್ರಿಯೇ ಫೋನಿನಿಂದ ಮುಖ ತಿರುಗಿಸಿ ಕೂಗಿದ್ದು ಕೇಳಿಸಿತು: “ಸಂಯುಕ್ತಾ! ಇಲ್ಲಿ ಬಾರೇ, ಲೀಲಾ ಬೇಡ ಅಂದ! ಹೂಂ ಕಣೇ, ನಮ್ಮ ಲೀಲಾನೇ!”

ಅಮಿತಾ ಕಾರಿನಲ್ಲಿದ್ದಳು. “ಲೀಲಣ್ಣ, ನಾನು ಶೇಷಾದ್ರಿ ಸರ್‌ಗೆ ಬಿಟ್ಟುಕೊಟ್ಟೆನಲ್ಲ.”

“ಅವನೂ ನಿಮಗೆ ಬಿಟ್ಟುಕೊಟ್ಟ. ಈಗ ನನ್ನ ಹೆಸರು ಮತ್ತೆ ಹಾಕಿ. ಹನ್ನೆರಡರೊಳಗೆ.”

“ನಿಮಗೇ ಬೇಕಾ, ಇಲ್ಲಾ ನನಗೆ ಬೇಜಾರಾದೀತು ಅಂತ ಹೇಳ್ತಿದ್ದೀರಾ?”

“ನನಗೇ ಬೇಕು. ಆದ್ರೆ ಅಮಿತಾ, ಕೊಡೆಯ ಬಾಡಿಗೆ ಸ್ವಲ್ಪ ಹೆಚ್ಚಾಯ್ತು. ಇಳಿಸ್ಬೇಕು.”

ಅಮಿತಾ ಕಾರು ಪಕ್ಕಕ್ಕೆ ತೆಗೆದಳೆಂದು ಕಾಣುತ್ತದೆ, ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು. “ಇದು ನಿಮ್ಮ ಮಾತಲ್ಲ. ಪಕ್ಕದಲ್ಲಿ ಅಕ್ಕ ಇದ್ದಾರಾ?”

“ಅಕ್ಕನ ಕೈಯಲ್ಲಿ ಯಾರದೋ ರಕ್ತ ಉಂಟು.”

“ದೇವರೇ!” ಎಂದಳು ಅಮಿತಾ. ಆದರೆ ವ್ಯಾಪಾರಸ್ಥೆ, ಬೇಗ ಚೇತರಿಸಿಕೊಂಡಳು. ಅವಳು ಒಂದು ಮೆಟ್ಟಲು ಇಳಿದಳು. ಅವನು ಇನ್ನೊಂದು ಮೆಟ್ಟಲು ಕೇಳಿದ. “ಅರ್ಧ ಮೆಟ್ಟಲು, ನಿಮ್ಮ ಮುಖ ನೋಡಿ” ಎಂದಳು ಅವಳು. ಅಲ್ಲಿಗೆ ಅವನ ಧೈರ್ಯದ ಸಂಗ್ರಹ ತೀರಿತ್ತು, ಒಪ್ಪಿದ. ಅಷ್ಟು ಕೇಳಬಲ್ಲವನು ಕಂಪನಿಯನ್ನೂ ನಡೆಸಬಹುದಿತ್ತಲ್ಲ ಎನ್ನುವವರು ಇರಬಹುದು. ಒಂದು ಸಲದ ಧೈರ್ಯ ಬೇರೆ, ತಿಂಗಳು ತಿಂಗಳ ಧೈರ್ಯ ಬೇರೆ. ಮದುವೆಯಾದವರನ್ನು ಕೇಳಿ ನೋಡಿ.

ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇರುವಾಗಲೇ ನಿಹಾರಿಕಾಳಿಂದ ಸಂದೇಶ ಬಂತು: ಒಂದೇ ಹೆಸರು, ಒಂದೇ ಬಾಗಿಲು, ಸೋಮವಾರ ಬನ್ನಿ.

ಸಂಜೆ ಸೌದಾಮಿನಿ ಮನೆಗೆ ಬಂದು ಕಥೆ ಕೇಳಿದಳು. ನಂಬದೆ ಮತ್ತೊಂದು ಸಲ ಹೇಳಿಸಿಕೊಂಡಳು. ಶೇಷಾದ್ರಿಗೆ ‘ಬೇಡ’ ಅಂದ ಜಾಗ ಬಂದಾಗ ತನ್ವಿಯನ್ನೂ ಕರೆದಳು. ಮೂವರೂ ನಗುತ್ತಿರುವಾಗ ನಿಹಾರಿಕಾಳ ಫೋನು ಬಂತು. ಲೀಲಾಧರ ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ.

“ವೆಲ್‌ಕಮ್! ತುಂಬ ಖುಷಿಯಾಯಿತು” ಎಂದಳು ನಿಹಾರಿಕಾ. ಎಲ್ಲ ಒಳ್ಳೆಯ ಮಾತು ಮುಗಿದ ಮೇಲೆ ದನಿ ಸ್ವಲ್ಪ ಮೆತ್ತಗಾಯಿತು. “ಒಂದು ಸಣ್ಣ ವಿಷಯ. ಸೋಮವಾರದ ಮೀಟಿಂಗಿಗೆ ಮುಂಚೆ, ಈ ಶನಿವಾರ ಭಾನುವಾರ ಸುಮ್ಮನೆ ಒಂದು ಫೈಲು ನೋಡಿಬಿಡ್ತೀರಾ? ಇದು ದುಡ್ಡಿನ ಲೆಕ್ಕಕ್ಕೆ ಬರಲ್ಲ, ನಮ್ಮ ನಮ್ಮಲ್ಲಿ.”

ಲೀಲಾಧರನ ಬಾಯಿ ತೆರೆಯಿತು. ‘ಓ’ ಎಂಬ ಅಕ್ಷರ ತುಟಿಯ ತನಕ ಬಂದದ್ದನ್ನು ತಾಯಿ ಮಗಳು ಇಬ್ಬರೂ ಕಂಡರು. ತನ್ವಿ ಕಣ್ಣು ಮುಚ್ಚಿಕೊಂಡಳು.

“ಓ... ಅದಕ್ಕೇನಂತೆ” ಎಂದ ಲೀಲಾಧರ. “ನಮ್ಮ ಅಮಿತಾಳನ್ನು ಕೇಳಿ. ಇಂಥದ್ದೆಲ್ಲ ಅವಳೇ ನೋಡಿಕೊಳ್ಳುವುದು.”

“ಓಹ್” ಎಂದಳು ನಿಹಾರಿಕಾ. “ಹಾಗಾದರೆ... ಇರಲಿ ಬಿಡಿ. ಸೋಮವಾರವೇ ನೋಡೋಣ.”

ಫೋನು ಕೆಳಗಿಟ್ಟು ಲೀಲಾಧರ ಗೆದ್ದವನ ಹಾಗೆ ಹೆಂಡತಿಯ ಕಡೆ ತಿರುಗಿದ. “ನೋಡಿದ್ಯಾ? ಕೊಡೆ ಯಾಕೆ ಬೇಕು ಅಂತ ಈಗ ಗೊತ್ತಾಯ್ತಾ? ಬೇಡ ಅಂತ ಹೇಳ್ಲಿಕ್ಕೂ ಅವಳೇ ಜನ.”

“ಗೊತ್ತಾಯ್ತು” ಎಂದಳು ಸೌದಾಮಿನಿ, ಕಾಫಿಗೆ ಹಾಲಿಡುತ್ತಾ. “ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡ್ತಾ ಇದ್ದೇನೆ. ನನ್ನ ಬಾಡಿಗೆ ಯಾವಾಗ ಕೊಡ್ತೀರಿ ಮಾರಾಯ್ರೇ?”